ಬಿಟ್ಟ ಊರಿನ ಬೆಟ್ಟಮ್ಮ

ಕೋಳಿ ಕೂಗದೆ ಬೆಳಗಾಗುವುದನ್ನು ನೀವು ಕಂಡಿದ್ದೀರಾ? ನಾನು ಕಾಣುತ್ತಿರುವುದು ಹುಣಸೆಕೊಪ್ಪಲಿನಲ್ಲಿ. ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ರಸ್ತೆ ಬಿಟ್ಟು ಹೊಳೆಯ ಕಡೆ ಇಳಿದರೆ ಸಿಗುವ ಊರು. ಈ ಮೂವತ್ತೆಂಟನೆಯ ಇಸವಿಯ ಚಳಿಗಾಲದಲ್ಲಿ ಇಲಿ ಸತ್ತು ಬಿದ್ದು, ಪ್ಲೇಗಿಗೆ ಹೆದರಿ ಊರು ಬಿಟ್ಟಿದ್ದಾರೆ. ಜನ, ದನ, ಕೋಳಿ, ನಾಯಿ ಎಲ್ಲ ಕೊಯ್ಲಾದ ಗದ್ದೆಬಯಲಿನ ಗುಡಿಸಲುಗಳಿಗೆ ಹೋಗಿವೆ. ಬಾಗಿಲುಗಳಿಗೆ ಬೀಗ, ಬೀಗದ ಮೇಲೆ ಮುಳ್ಳಿನ ಹೊರೆ. ಒಳಗೆ ಬಿಸಿಲು ಬೀಳಲಿ ಎಂದು ಹೆಂಚು ತೆಗೆದ ಸೂರುಗಳು ಮಂಜಿನಲ್ಲಿ ಬಾಯಿ ತೆರೆದು ನಿಂತಿವೆ.

ಆ ಬೀದಿಯಲ್ಲಿ ಒಬ್ಬ ಹೆಂಗಸು, ಬೆಟ್ಟಮ್ಮ, ನಡೆದು ಬರುತ್ತಿದ್ದಾಳೆ. ಸೆರಗನ್ನು ಸೊಂಟಕ್ಕೆ ಬಿಗಿದಿದ್ದಾಳೆ, ಕೈಯಲ್ಲಿ ಎದೆಯುದ್ದದ ಬಿದಿರು ದೊಣ್ಣೆ. ಒಂದೊಂದು ಬಾಗಿಲ ಮುಂದೆಯೂ ನಿಂತು, ದೊಣ್ಣೆಯ ತುದಿಯಿಂದ ಹೊಸ್ತಿಲಿಗೆ ತಟ್ಟಿ, ಮನೆಯವರ ಹೆಸರು ಹೇಳುತ್ತಾಳೆ. "ಕೆಂಪಣ್ಣನೋರ ಮನೆ." ಟಕ್. "ದ್ಯಾವಯ್ಯನೋರ ಮನೆ." ಟಕ್. ಹೀಗೆ ದಿನಾ ಹೆಸರು ಹೇಳದಿದ್ದರೆ ಮನೆಗೆ ತನ್ನವರು ಮರೆತುಹೋಗುತ್ತಾರಂತೆ. ಆಮೇಲೆ ಯಾರು ಬಂದರೂ ಒಳಗೆ ಬಿಟ್ಟುಕೊಳ್ಳುತ್ತದಂತೆ. ಯಾರು ಬಂದರೂ ಅಂದರೆ ಯಾರು ಎಂದು ನಾನು ಕೇಳಲಿಲ್ಲ. ಕೇಳುವ ಹೊತ್ತೂ ಅದಲ್ಲ.

ಬೀದಿಯ ಕೊನೆಯದು ಅಂಗಡಿ ರುದ್ರಯ್ಯನ ಮನೆ. "ರುದ್ರಯ್ಯನೋರ ಮನೆ." ಟಕ್.

ಒಳಗಿನಿಂದ ಯಾರೋ ಟಕ್ ಎಂದು ತಟ್ಟಿದರು.

ನಾನು ಬೀದಿಯ ನಡುವಿಗೆ ಹಿಂದೆ ಸರಿಯುತ್ತೇನೆ. ಬೆಟ್ಟಮ್ಮ ತಿರುಗಿ ನೋಡಿ, "ಎದರ್ಬ್ಯಾಡಿ ಸಾ, ಜೀವ ಇರೋ ಪ್ರಾಣಿನೇ ಅದು," ಅನ್ನುತ್ತಾಳೆ.

ನಾನು ಈ ಕಡೆ ಬಂದದ್ದು ದೆವ್ವದ ಮನೆ ನೋಡಲಿಕ್ಕಲ್ಲ. ಭಾನುವಾರದ ಪುರವಣಿಗೆ ಗರಡಿಗಳ ಮೇಲೆ ಬರೆ ಎಂದು ಸಂಪಾದಕರು ಅಟ್ಟಿದ್ದರು. ಯಾಕಪ್ಪಾ ಮಣ್ಣಲ್ಲಿ ಹೊರಳೋಕೆ ಬಂದೆ ಎಂದು ಕಂಡ ಕಂಡ ಪೈಲ್ವಾನರನ್ನೆಲ್ಲ ಕೇಳಿದೆ. ಹಾಸನದವನೊಬ್ಬನಿಗೆ ಮೈಸೂರು ದಸರಾ ಕುಸ್ತಿಯ ಆಸೆ. ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯ ಬಸವರಾಜುವಿಗೆ ಮೈ ಬಂದರೆ ಹೆಣ್ಣು ಸಿಗುತ್ತದೆಂಬ ನಂಬಿಕೆ. ಮೈ ಬಂದಿದೆ, ಹೆಣ್ಣು ಇನ್ನೂ ಬಂದಿಲ್ಲ. ಮತ್ತೊಬ್ಬ ದಾಯಾದಿಗಳನ್ನು ನೆನೆದು ತೊಡೆ ತಟ್ಟುತ್ತಿದ್ದ. ಅರಕಲಗೂಡು ದಾರಿಯ ಗರಡಿಯಲ್ಲಿ ದೊಣ್ಣೆವರಸೆ ಹೇಳಿಕೊಡುವ ಮುದುಕ ಬೈರಯ್ಯ ಇದನ್ನೆಲ್ಲ ಕೇಳಿ ನಕ್ಕು, ಇವರದನ್ನೆಲ್ಲ ಬರೆದು ಏನು ಮಾಡುತ್ತೀರಿ, ನನ್ನ ಹತ್ತಿರ ಕಲಿತ ಬೆಟ್ಟಮ್ಮನನ್ನು ಕೇಳಿ ಎಂದು ದಾರಿ ತೋರಿಸಿದರು. ಪ್ಲೇಗಿನ ಸೂಜಿ ಚುಚ್ಚಿಸಿಕೊಂಡು, ಊದಿದ ತೋಳನ್ನು ಹೊತ್ತುಕೊಂಡು ಬಂದಿದ್ದೇನೆ.

ಸುತ್ತಿನ ಯಾವ ಊರಲ್ಲಿ ಇಲಿ ಬಿದ್ದರೂ ಬೆಟ್ಟಮ್ಮನಿಗೆ ಹೇಳಿಕಳಿಸುತ್ತಾರೆ. ಜನ ಮರಳುವ ತನಕ ಖಾಲಿ ಊರನ್ನು ಒಬ್ಬಳೇ ಕಾಯುತ್ತಾಳೆ. ಕೂಲಿ ರಾಗಿಯ ರೂಪದಲ್ಲಿ. ಕಳ್ಳರು ಬರುವುದಿಲ್ಲವೇ ಎಂದರೆ, ಮೊದಲು ಬರುತ್ತಿದ್ದರು, ಈಗ ತನ್ನ ಹೆಸರು ಕೇಳಿದರೆ ಆ ಕಡೆ ತಲೆ ಹಾಕುವುದಿಲ್ಲ ಎನ್ನುತ್ತಾಳೆ. ದೊಣ್ಣೆಯ ಭಯವೇ? "ದೊಣ್ಣೆಗಲ್ಲ ಸಾ. ನಾನು ಸತ್ತೋಳು ಅಂತ."

ಬೆಟ್ಟಮ್ಮ ಇದೇ ಊರಿನ ಮಗಳು. ಹುಡುಗಿಯಾಗಿದ್ದಾಗ ಒಂದು ಸಲ ಹೀಗೆಯೇ ಊರು ಬಿಟ್ಟರು. ಹೊರಡುವ ದಿನವೇ ಅವಳ ಕಂಕುಳಲ್ಲಿ ಗಡ್ಡೆ ಎದ್ದಿತು. ಮನೆಯವರು ಒಂದು ಗಡಿಗೆ ನೀರಿಟ್ಟು ಬಾಗಿಲು ಎಳೆದುಕೊಂಡು ಹೋದರು. ಇನ್ನೆಲ್ಲಿ ಬದುಕುತ್ತಾಳೆ ಎಂದುಕೊಂಡು ಹನ್ನೊಂದನೆಯ ದಿನ ತಿಥಿಯನ್ನೂ ಮಾಡಿ ಮುಗಿಸಿದರು. ಗಡ್ಡೆ ಒಡೆದು, ಜ್ವರ ಬಿಟ್ಟು, ಹುಡುಗಿ ಗೋಡೆ ಹಿಡಿದು ಎದ್ದು ಗುಡಿಸಲುಗಳ ಕಡೆ ನಡೆದದ್ದು ಅದರ ಮಾರನೆಯ ದಿನ. ಊರಿನ ಎಲ್ಲೆಕಲ್ಲಿನ ಹತ್ತಿರ ಜನ ಅವಳನ್ನು ಕಂಡು ಕಲ್ಲು ಬೀರಿದರು. ಅವ್ವ ಅಲ್ಲೇ ಇದ್ದಳು. ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಿದ್ದಳು.

ದಾರಿಯಲ್ಲಿ ಬಿದ್ದಿದ್ದವಳನ್ನು ಎತ್ತಿಕೊಂಡು ಹೋದವರು ಬೈರಯ್ಯ. ಮಗು ಬದುಕಿದೆ, ಕರೆದುಕೊಳ್ಳಿ ಎಂದು ಊರಿಗೆ ಬಂದು ಹೇಳಿದರಂತೆ. ತಿಥಿ ಆದಮೇಲೆ ಬಂದದ್ದನ್ನು ಮನೆಗೆ ಸೇರಿಸುವುದಿಲ್ಲ ಎಂದು ಹಿರಿಯರು ಕೈ ಮುಗಿದರು. ಅವಳು ಗರಡಿಯಲ್ಲೇ ಬೆಳೆದಳು. ಹೊಸಬರು ಬಂದರೆ ಬೈರಯ್ಯ ಯಾರನ್ನು ಹೊಡೆಯಲಿಕ್ಕೆ ಕಲಿಯುತ್ತೀಯ ಎಂದು ಕೇಳುವುದು ವಾಡಿಕೆ. ಅವಳನ್ನೂ ಕೇಳಿದರು.

"ಯಾರ್ನೂ ವಡಿಯಾಕಲ್ಲ, ದಾರಿ ಬುಡಿಸ್ಕೊಳ್ಳಾಕೆ ಅಂದೆ ಸಾ. ಅವತ್ತು ಕಲ್ಲು ತಡಿಯಾಕೆ ಕೈಲೊಂದು ದೊಣ್ಣೆ ಇದ್ದಿದ್ರೆ, ಅವ್ವನ್ ತಾವಕ್ಕೆ ಓಗ್ಬುಡ್ತಿದ್ದೆ. ಮುಟ್ಟಿದ್ರೆ ಅವಳಿಗೆ ಗೊತ್ತಾಗ್ತಿತ್ತು."

ಈ ಊರಲ್ಲಿ ಅವಳ ಹೆಸರು ಯಾರೂ ಎತ್ತುವುದಿಲ್ಲ. 'ಅದು ಬಂತು', 'ಅದು ಕಾಯ್ತದೆ' ಅನ್ನುತ್ತಾರೆ. ಮಾತಾಡುವಾಗ ಮುಖ ನೋಡುವುದಿಲ್ಲ, ಪಾದ ನೋಡುತ್ತಾರೆ, ದೆವ್ವದ ಪಾದದ ಹಾಗೆ ಹಿಂದುಮುಂದಾಗಿದೆಯೋ ಏನೋ ಎಂದು. ನಾಚಿಕೆ ಬಿಟ್ಟು ಹೇಳುತ್ತೇನೆ, ಬಂದ ಗಳಿಗೆಯಲ್ಲಿ ನಾನೂ ನೋಡಿದೆ. ನೆಟ್ಟಗಿವೆ. ಹಿಮ್ಮಡಿ ಒಡೆದಿದೆ.

ಊರು ಬಿಟ್ಟಾಗ ಎಲ್ಲೆಕಲ್ಲಿನ ಮೇಲೆ ತಮ್ಮ ತಮ್ಮ ಮನೆಯ ಸತ್ತವರಿಗೆ ಎಡೆ ಇಡುವುದು ಇಲ್ಲಿಯ ಪದ್ಧತಿ. ಇಲ್ಲದಿದ್ದರೆ ಅವರು ಗುಡಿಸಲಿನ ತನಕ ಹಿಂದೆಯೇ ಬರುತ್ತಾರಂತೆ. ಉಳಿದವರು ಮೊದಲ ದಿನ ಇಟ್ಟು ಮರೆಯುತ್ತಾರೆ. ಬೆಟ್ಟಮ್ಮನ ಅವ್ವ ಮಾತ್ರ ದಿನವೂ ಮುತ್ತುಗದೆಲೆಯಲ್ಲಿ ಮುದ್ದೆ, ಅವರೆಕಾಳು ಸಾರು ತಂದಿಟ್ಟು, ಹಿಂತಿರುಗಿ ನೋಡದೆ ಹೋಗುತ್ತಾಳೆ. ಸತ್ತ ಮಗಳಿಗೆ ಇಟ್ಟ ಎಡೆಯನ್ನು ಬದುಕಿದ ಮಗಳು ಉಣ್ಣುತ್ತಾಳೆ.

ನಿನಗೇನಾದರೂ ಆಸೆ ಇದೆಯೇನಮ್ಮಾ ಎಂದು ಕೇಳಿದೆ. ಪತ್ರಿಕೆಯವರು ಕೇಳುವ ಮಾಮೂಲು ಪ್ರಶ್ನೆ. ಸತ್ತವರ ಎಡೆಗೆ ಈ ಕಡೆ ಉಪ್ಪು ಹಾಕುವುದಿಲ್ಲ, ಅವ್ವನ ಸಾರಿಗೆ ಒಂದು ಕಲ್ಲುಪ್ಪು ಬಿದ್ದಿದ್ದರೆ ಎಂದು ಆಸೆ ಅಂದಳು. ಅಷ್ಟೇ ತಾನೇ, ನೀನೇ ಹಾಕಿಕೊಂಡು ಉಣ್ಣಬಾರದೇ ಎಂದೆ. ದೊಡ್ಡ ಬುದ್ಧಿವಂತ ನಾನು.

"ಉಪ್ಪು ನನ್ ತಾವ್ಲೂ ಐತೆ ಸಾ," ಅಂದಳು ಬೆಟ್ಟಮ್ಮ. "ಅವ್ವ ಆಕ್ಬೇಕು."

ರುದ್ರಯ್ಯನ ಮನೆಯೊಳಗಿನಿಂದ ತಟ್ಟಿದ್ದು ಅವನ ಹೆಂಡತಿ ನೀಲಾಂಬಿಕೆ. ಬೆಟ್ಟಮ್ಮನಿಗೆ ಆದದ್ದೇ ಅವಳಿಗೂ ಆಗಿದೆ. ಹೊರಡುವ ದಿನ ಗಡ್ಡೆ ಎದ್ದಿತು, ಮನೆಯವರು ಬಿಟ್ಟು ಹೋದರು. ಸತ್ತುಹೋದಳಂತೆ ಎಂದು ಗುಡಿಸಲುಗಳಲ್ಲಿ ಸುದ್ದಿ ಹಬ್ಬಿತು. ಇಲ್ಲ, ಬದುಕಿದ್ದಾಳೆ, ಗಂಜಿ ಕುಡಿಯುತ್ತಿದ್ದಾಳೆ ಎಂದು ಬೆಟ್ಟಮ್ಮ ಎಲ್ಲೆಕಲ್ಲಿನ ಹತ್ತಿರ ನಿಂತು ಕೂಗಿ ಹೇಳಿದಳು. ಸತ್ತವಳ ಮಾತು ನಂಬುವವರು ಯಾರು? ಒಂದು ದೆವ್ವ ಇನ್ನೊಂದನ್ನು ಜೊತೆಗೆ ಕರೆದುಕೊಂಡಿದೆ ಎಂದರು.

ನೀಲಾಂಬಿಕೆಯ ಜ್ವರ ಬಿಟ್ಟು ಈಗ ನಿಲ್ಲುವ ಶಕ್ತಿ ಬಂದಿದೆ. ನಿನ್ನೆಯೇ ಕೂಗಿ ಹೇಳಿದಂತೆ ಇವತ್ತು ಬೆಟ್ಟಮ್ಮ ಅವಳನ್ನು ಹೊರಗೆ ಕರೆದೊಯ್ಯುತ್ತಾಳೆ. ಮುಳ್ಳು ಸರಿಸಿ, ಬೀಗ ಹಾಕದೆ ಬಿಟ್ಟ ಬಾಗಿಲು ತೆಗೆದಾಗ ಕತ್ತಲಲ್ಲಿ ಮೊದಲು ಕಂಡದ್ದು ಎರಡು ಕಣ್ಣು. ಬಿಳಿಚಿದ ಮುಖ, ಬಿಚ್ಚಿದ ಕೂದಲು. ಕತ್ತಿನ ಲಿಂಗದ ಕರಡಿಗೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡಿದ್ದಾಳೆ. ಬೆಟ್ಟಮ್ಮ ಹೇಳದಿದ್ದರೆ ಕಲ್ಲು ಬೀರುವವರಲ್ಲಿ ನಾನೇ ಮೊದಲಿಗನಾಗುತ್ತಿದ್ದೆ.

ಮಂಜಿನಲ್ಲಿ ಮೂವರೂ ಹೋಗುತ್ತೇವೆ. ಎಲ್ಲೆಕಲ್ಲಿನ ಆಚೆ ಜನ ಆಗಲೇ ಗುಂಪು ಕೂಡಿದ್ದಾರೆ. ಮುಂದೆ ಹಿರಿಯ ದ್ಯಾವಯ್ಯ, ಪಕ್ಕದಲ್ಲಿ ರುದ್ರಯ್ಯ. ಇಬ್ಬರ ಕೈಯಲ್ಲೂ ಕಲ್ಲಿದೆ. ಒಂದು ಪಕ್ಕಕ್ಕೆ ಬೆಟ್ಟಮ್ಮನ ಅವ್ವ, ಎಡೆಯ ಎಲೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದಾಳೆ. ನಾನು ಹಾಸನದಿಂದ ಬಂದವನು, ಪತ್ರಿಕೆಯವನು ಎಂದು ಗಂಟಲು ಸರಿಮಾಡಿಕೊಳ್ಳುತ್ತೇನೆ. ಅವರು ನನ್ನ ಪಾದ ನೋಡುತ್ತಾರೆ. ಕೋಟು ತೊಟ್ಟಿದ್ದರೇನಂತೆ, ನಾನೂ ಆ ಬಿಟ್ಟ ಊರಿನ ಕಡೆಯಿಂದಲೇ ಬಂದವನಲ್ಲವೇ?

ಮೊದಲ ಕಲ್ಲು ಬಂತು. ಟಕ್. ದೊಣ್ಣೆಗೆ ಬಡಿದು ಪಕ್ಕಕ್ಕೆ ಬಿತ್ತು. ಎರಡನೆಯದೂ ಅಷ್ಟೆ. ಬೆಟ್ಟಮ್ಮ ದೊಣ್ಣೆ ತಿರುಗಿಸುತ್ತಾ ಹೆಜ್ಜೆ ಮೇಲೆ ಹೆಜ್ಜೆ ಇಡುತ್ತಾಳೆ. ಬಿದಿರಿನ ಗುಂಯ್ ಎಂಬ ಸದ್ದೊಂದೇ ಕೇಳುತ್ತದೆ. ಅವಳು ಯಾರ ಮೇಲೂ ಕೈ ಮಾಡುತ್ತಿಲ್ಲ. ದೊಣ್ಣೆಯ ಹಿಂದೆ ನೀಲಾಂಬಿಕೆಗೆ ನಡೆಯುವಷ್ಟು ಜಾಗ ಉಳಿಯುತ್ತದೆ.

"ದಾರಿ ಬುಡಿ," ಅನ್ನುತ್ತಾಳೆ ಬೆಟ್ಟಮ್ಮ. "ಮುಟ್ಟಿ ನೋಡಿ ಆಮ್ಯಾಕೆ ಏಳಿ."

ಅಷ್ಟರಲ್ಲಿ ನೀಲಾಂಬಿಕೆ ಗದ್ದೆಯ ಕೂಳೆ ಎಡವಿ ಕುಳಿತುಬಿಡುತ್ತಾಳೆ. ಹೆಬ್ಬೆರಳು ಒಡೆದು ರಕ್ತ ಬರುತ್ತದೆ. ಪಾದಗಳನ್ನೇ ನೋಡುತ್ತಿದ್ದ ಜನ ಆ ರಕ್ತವನ್ನೂ ನೋಡುತ್ತಾರೆ. ರುದ್ರಯ್ಯನ ಕೈಯಿಂದ ಕಲ್ಲು ಜಾರುತ್ತದೆ. ಅವನು ಬಂದು, ದೊಣ್ಣೆಯ ಕೆಳಗೆ ಬಗ್ಗಿ, ಹೆಂಡತಿಯ ಕೈ ಹಿಡಿಯುತ್ತಾನೆ.

"ಬೆಚ್ಚಗೈತೆ," ಅನ್ನುತ್ತಾನೆ. ಅದನ್ನೇ ಮತ್ತೆ ಮತ್ತೆ ಹೇಳುತ್ತಾನೆ.

ಹೆಂಗಸರು ಮುಂದೆ ಬಂದು ನೀಲಾಂಬಿಕೆಯನ್ನು ಎತ್ತಿಕೊಳ್ಳುತ್ತಾರೆ. ದ್ಯಾವಯ್ಯ ತಲೆ ತಗ್ಗಿಸಿ ದಾರಿ ಬಿಡುತ್ತಾನೆ. ನೀನೂ ಬಾ ಎಂದು ಬೆಟ್ಟಮ್ಮನಿಗೆ ಯಾರೂ ಹೇಳುವುದಿಲ್ಲ. ಅವಳ ಅವ್ವ ಮಗಳ ಒಡೆದ ಹಿಮ್ಮಡಿಯನ್ನೇ ನೋಡುತ್ತಾ ನಿಂತಿದ್ದವಳು, ಎಲೆಯನ್ನು ಕಲ್ಲಿನ ಮೇಲೆ ಇಡದೆ, ಹಾಗೆಯೇ ಹಿಡಿದುಕೊಂಡು ಗುಡಿಸಲಿನ ಕಡೆ ತಿರುಗಿ ಹೋಗುತ್ತಾಳೆ.

ಇವತ್ತು ಎಡೆಯೂ ಇಲ್ಲ ಎಂದು ಬೆಟ್ಟಮ್ಮ ನಗಲು ನೋಡುತ್ತಾಳೆ, ನಗು ಬರುವುದಿಲ್ಲ. ಊರ ಕಡೆಯ ಹುಣಸೆಮರದ ಬುಡದಲ್ಲಿ ಕುಳಿತು, ಕಲ್ಲು ಬಡಿದ ದೊಣ್ಣೆಯ ಸಿಬಿರನ್ನು ಉಗುರಿನಿಂದ ಕೀಳುತ್ತಾಳೆ. ಇಷ್ಟು ಕಾಲ ಕಲಿತ ವರಸೆ ನಿನಗೇ ದಾರಿ ಬಿಡಿಸಲಿಲ್ಲವಲ್ಲ ಎಂದು ನನಗೆ ತಡೆಯದೆ ಅಂದುಬಿಡುತ್ತೇನೆ. ಅವಳು ಇನ್ನೊಂದು ಸಿಬಿರು ಕೀಳುತ್ತಾಳೆ.

ಬಿಸಿಲು ಬಂದು ಮಂಜು ಕರಗುವ ಹೊತ್ತಿಗೆ ಮುದುಕಿ ಅವ್ವ ಮತ್ತೆ ಬರುತ್ತಾಳೆ. ಅದೇ ಎಲೆ. ಕಲ್ಲಿನ ಮೇಲೆ ಇಡುತ್ತಾಳೆ. ಹೋಗುವುದಿಲ್ಲ. ಒಂದಿಷ್ಟು ದೂರ ಸರಿದು, ನಮ್ಮ ಕಡೆಗೇ ಮುಖ ಮಾಡಿ ಕೂರುತ್ತಾಳೆ.

ಬೆಟ್ಟಮ್ಮ ಎಲೆ ತಂದು ಮುದ್ದೆ ಮುರಿದು, ಸಾರಿಗದ್ದಿ ಬಾಯಿಗಿಡುತ್ತಾಳೆ. ನುಂಗುವುದಿಲ್ಲ. ಬಾಯಲ್ಲೇ ಇಟ್ಟುಕೊಂಡು ಅವ್ವನ ಕಡೆ ನೋಡುತ್ತಾಳೆ. ಆಮೇಲೆ ಇನ್ನೊಂದು ತುತ್ತು ಮುರಿದು ನನ್ನ ಕಡೆ ಚಾಚುತ್ತಾಳೆ.

"ನಂಗೊಬ್ಬಳಿಗೇ ಅಂಗನ್ನಿಸ್ತದೋ ಏನೋ. ನೀವ್ ಒಸಿ ನೋಡಿ ಸಾ. ಉಪ್ಪೈತಾ?"

ನಾನು ಬಾಯಿಗೆ ಹಾಕಿಕೊಳ್ಳುತ್ತೇನೆ. ಅಳತೆ ಮರೆತ ಕೈ, ಜಾಸ್ತಿಯೇ ಹಾಕಿದೆ.

"ಐತೆ ಕಣವ್ವ," ಅನ್ನುತ್ತೇನೆ.