ಎರಡು ಫಾರಂ ಬಿಸಿನೀರು

“ಬರೆಯೋವಾಗ ಇಲ್ದೇ ಇದ್ದ ನಾಚಿಕೆ ಕೆಲಸ ಓಗೋವಾಗ ಬಂತು, ಅಷ್ಟೇ ಕಣ್ರೀ.”

ನರಸೀಪುರದ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಆ ಉಪಾಧ್ಯಾಯಿನಿಯ ಮಾತು ಬಂದಾಗಲೆಲ್ಲ ಇಂದಿಗೂ ಈ ಒಂದು ವಾಕ್ಯದಲ್ಲಿ ತೀರ್ಪು ಮುಗಿಯುತ್ತದೆ. ಹುಡುಗಿಯರಿಗೆ ಪಾಠ ಹೇಳುತ್ತಿದ್ದವರು ಹೊಲಸು ಕಾದಂಬರಿ ಬರೆದರು, ಸಿಕ್ಕಿಬಿದ್ದ ಮೇಲೆ ತಾನು ಬರೆದದ್ದಲ್ಲ ಎಂದರು, ಯಾರೂ ನಂಬಲಿಲ್ಲ ಎಂಬುದು ಅದರ ವಿಸ್ತಾರ. ಈಚೆಗೆ ಓದಿಕೊಂಡವರ ನಡುವೆ ಇನ್ನೊಂದು ಕಥೆ ಹುಟ್ಟಿದೆ. ಅವರು ಕಾಲಕ್ಕಿಂತ ಮುಂದಿದ್ದ ದಿಟ್ಟ ಲೇಖಕಿಯಂತೆ, ಊರಿಗೆ ಆ ದಿಟ್ಟತನವನ್ನು ತಾಳಿಕೊಳ್ಳಲಾಗಲಿಲ್ಲವಂತೆ. ಬೈಯುವವರಿಗೂ ಹೊಗಳುವವರಿಗೂ ಆಧಾರವಾಗಿರುವುದು ಆ ಪುಸ್ತಕದ ಮೂವತ್ತೆರಡು ಪುಟಗಳು. ಅವನ್ನು ಬರೆದವನು ನಾನು.

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ನಂಜನಗೂಡಿನ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದೆ. ಅದಕ್ಕೆ ಮೊದಲು ಹನ್ನೆರಡು ವರ್ಷ ಅಲ್ಲಿಯೇ ಅಚ್ಚಿನ ಮೊಳೆ ಜೋಡಿಸಿದ್ದೆ. ಚಿಕ್ಕಯ್ಯನಛತ್ರದಲ್ಲಿ ಏಳನೆಯ ತರಗತಿಗೆ ಓದು ಬಿಟ್ಟ ನಾನು ಆಮೇಲೆ ಕಲಿತದ್ದನ್ನೆಲ್ಲ ಸೀಸದ ಅಕ್ಷರಗಳಲ್ಲಿ, ಬಲದಿಂದ ಎಡಕ್ಕೆ ಓದಿ ಕಲಿತೆ. ಲಗ್ನಪತ್ರಿಕೆ ಮತ್ತು ವೈಕುಂಠ ಸಮಾರಾಧನೆಯ ಕಾರ್ಡುಗಳನ್ನು ಬಿಟ್ಟರೆ ನಮ್ಮ ಮುಖ್ಯ ಕೆಲಸ ಮೈಸೂರಿನ ಒಬ್ಬ ಪ್ರಕಾಶಕರ ಮಾಸಿಕ ಕಾದಂಬರಿಗಳು.

ಅವರು ಎರಡು ಮಾಲೆಗಳನ್ನು ತರುತ್ತಿದ್ದರು. ಒಂದರ ಬೆನ್ನಿಗೆ ಹಸಿರು ಪಟ್ಟಿ. ಅದು ಮನೆಮನೆಗೆ ಬಾಡಿಗೆಗೆ ಹೋಗುವ ಪುಸ್ತಕ. ಇನ್ನೊಂದಕ್ಕೆ ಕೆಂಪು ಪಟ್ಟಿ. ಅದನ್ನು ಅಂಚಿಗೆ ಪಿನ್ ಹೊಡೆದು ಮುಚ್ಚಿ ಬಸ್ ನಿಲ್ದಾಣದ ಅಂಗಡಿಗಳಲ್ಲಿ ತೂಗುಹಾಕುತ್ತಿದ್ದರು. ಹಸಿರಿನಲ್ಲಿ ಗಂಡಹೆಂಡಿರು ಕೋಣೆಗೆ ಹೋದರೆ ಬಾಗಿಲು ಮುಚ್ಚಬೇಕು, ಅಧ್ಯಾಯವೂ ಮುಗಿಯಬೇಕು. ಕೆಂಪಿನಲ್ಲಿ ಓದುಗನೂ ಒಳಗೆ ಹೋಗಬೇಕು. ಪ್ರಕಾಶಕರು ಈ ವ್ಯತ್ಯಾಸವನ್ನು ಬಚ್ಚಲುಮನೆಯ ಲೆಕ್ಕದಲ್ಲಿ ಹೇಳುತ್ತಿದ್ದರು. ಹಸುಗೂಸಿಗೆ ಎರೆಯುವ ನೀರು ಒಂದು ಹದ, ಬಾಣಂತಿಗೆ ಎರೆಯುವ ನೀರು ಇನ್ನೊಂದು ಹದ. ಹಸ್ತಪ್ರತಿಯ ಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ ‘ಮಗು’ ಎಂದೋ ‘ಬಾಣಂತಿ’ ಎಂದೋ ಬರೆದು ಕಳಿಸುವರು. ಬಂದ ಬರಹ ಮಾಲೆಯ ಹದಕ್ಕಿಂತ ತಣ್ಣಗಿದ್ದರೆ ಕಾಯಿಸಬೇಕು, ಸುಡುತ್ತಿದ್ದರೆ ತಣ್ಣೀರು ಬೆರೆಸಬೇಕು. ಲೇಖಕರಿಗೆ ತಿಳಿಸುವಷ್ಟು ವ್ಯವಧಾನ ಇರುತ್ತಿರಲಿಲ್ಲ. ಆ ಕೆಲಸ ನನ್ನ ಮೇಜಿಗೆ ಬರುತ್ತಿತ್ತು.

ಉಪಾಧ್ಯಾಯಿನಿಯ ಕಾದಂಬರಿ ‘ಮಗು’ ಎಂಬ ಗುರುತು ಹೊತ್ತು ಬಂದಿತು. ಅವರು ನರಸೀಪುರದ ಒಂದು ಅರ್ಚಕ ಮನೆತನದವರು, ಮೂವತ್ತು ದಾಟಿದ ಅವಿವಾಹಿತೆ. ಕಾದಂಬರಿ ಹಳ್ಳಿಯಿಂದ ಹಳ್ಳಿಗೆ ತಿರುಗುವ ಒಬ್ಬ ನರ್ಸು ಮತ್ತು ಅವಳನ್ನು ಹೊಳೆ ದಾಟಿಸುವ ಹರಿಗೋಲಿನವನ ಕಥೆ. ಮದುವೆಯಾಗುವವರೆಗೆ ಅವರಿಬ್ಬರೂ ಒಬ್ಬರನ್ನೊಬ್ಬರು ಮುಟ್ಟಿದ್ದು ಒಮ್ಮೆ ಮಾತ್ರ. ಹರಿಗೋಲು ತಿರುಗಿದಾಗ ಅವಳು ಅವನ ಒದ್ದೆ ತೋಳನ್ನು ಹಿಡಿದುಕೊಳ್ಳುತ್ತಾಳೆ, ದಡ ಸೇರಿದ ಮೇಲೂ ಸ್ವಲ್ಪ ಹೊತ್ತು ಬಿಡುವುದಿಲ್ಲ. ಅದನ್ನು ಓದಿ ನಾನು ಹಿಂದಿನ ಪುಟಕ್ಕೆ ಮರಳಿ ಇನ್ನೊಮ್ಮೆ ಓದಿದ್ದು ನೆನಪಿದೆ. ಹಸಿರು ಮಾಲೆಯ ರೂಢಿಯಂತೆ ಲೇಖಕಿಯ ನಿಜವಾದ ಹೆಸರು, ಊರು, ಉದ್ಯೋಗ ಸೇರಿಸಿ ಹೊದಿಕೆಯ ಬ್ಲಾಕು ತಯಾರಾಯಿತು. ಹದಿನಾರು ಪುಟಕ್ಕೆ ಒಂದು ಫಾರಂ; ಮೊದಲ ನಾಲ್ಕು ಫಾರಂಗಳ ಕರಡು ಅವರಿಗೆ ಹೋಗಿ, ತಿದ್ದಿ, ಮರಳಿ ಬಂದಿತು.

ಅಷ್ಟರಲ್ಲಿ ಆ ತಿಂಗಳ ಕೆಂಪು ಪಟ್ಟಿಯ ಹಸ್ತಪ್ರತಿ ಬಾರದೆ ನಿಂತಿತು. ಪ್ರಕಾಶಕರಿಂದ ಚೀಟಿ ಬಂತು: ಇದನ್ನೇ ಬಾಣಂತಿ ಮಾಡಿ, ಎರಡು ಫಾರಂ ಸೇರಲಿ.

ಕೆಂಪು ಮಾಲೆಯ ಲೇಖಕರೆಲ್ಲ ಸುಳ್ಳು ಹೆಸರಿನವರು. ಮನೆಗೆ ಕರಡಿನ ಕಟ್ಟು ಹೋದರೆ ಗುಟ್ಟು ರಟ್ಟಾಗುತ್ತದೆಂದು ಅವರಿಗೆ ಕರಡು ಕಳಿಸುವ ಪದ್ಧತಿಯೇ ಇರಲಿಲ್ಲ. ಹಾಗಾಗಿ ಪುಸ್ತಕ ಮಾಲೆ ಬದಲಿಸಿದ ದಿನವೇ ಉಪಾಧ್ಯಾಯಿನಿಗೆ ಕರಡು ಹೋಗುವುದು ನಿಂತಿತು. ಹೆಸರು ಮಾತ್ರ ಬದಲಾಗಲಿಲ್ಲ. ಹೆಸರನ್ನೂ ಬದಲಿಸಬೇಕೆಂದು ನಾನು ಅಚ್ಚುಕೂಟದ ಮಾಲೀಕರಿಗೆ ಒಮ್ಮೆ ಹೇಳಿದೆ; ಒಮ್ಮೆ ಮಾತ್ರ ಹೇಳಿದೆ ಎಂಬುದನ್ನೂ ಬರೆಯಬೇಕು.

“ಬ್ಲಾಕು ಆಗೋಗದೆ ಕಣಯ್ಯ,” ಎಂದರು ಅವರು. “ಎಸರು ಯಾವನ್ ನೋಡ್ತಾನೆ? ಪಟ್ಟಿ ನೋಡ್ತಾನೆ.”

ಉಪಾಧ್ಯಾಯಿನಿಯ ಬರಹದಲ್ಲಿ ಮದುವೆಯ ನಂತರ ಮೂರು ಕಡೆ ಬಾಗಿಲು ಮುಚ್ಚುತ್ತಿತ್ತು. ಮೂರನ್ನೂ ನಾನು ತೆರೆದೆ. ನೇರಳೆ ಬಣ್ಣದ ಕಾಪಿಯಿಂಗ್ ಪೆನ್ಸಿಲಿನಲ್ಲಿ ನಾಲ್ಕು ದಿನ ಬರೆದೆ. ಮೆಷಿನ್ ನಡೆಸುವವನು ಹೋಗುತ್ತ ಬರುತ್ತ ಇಣುಕಿ ನೋಡುತ್ತಿದ್ದ. “ಏನ್ಲಾ, ಅಂಡೆ ಕಾದದಾ? ಇನ್ನೊಂದೀಟು ಸೌದೆ ತಂದಾಕ್ಲಾ?” ಎನ್ನುವನು. ನಾನೂ ನಗುತ್ತಿದ್ದೆ. ಹೊಲಿಗೆ ಎಲ್ಲಿಯೂ ಕಾಣುವುದಿಲ್ಲವೆಂದು ಪ್ರಕಾಶಕರು ಹೇಳಿಕಳಿಸಿದಾಗ ನನಗಾದ ಹೆಮ್ಮೆ ಒಂದು ವಾರ ಇಳಿಯಲಿಲ್ಲ. ಏಳನೆಯ ತರಗತಿಯವನು ಓದಿದವರೊಬ್ಬರ ವಾಕ್ಯದೊಳಗೆ ಗುರುತು ಸಿಗದಂತೆ ಸೇರಿಕೊಂಡಿದ್ದನಲ್ಲ.

ಪುಸ್ತಕ ಬಂದ ತಿಂಗಳಲ್ಲೇ ವಿದ್ಯಾರ್ಥಿನಿಯೊಬ್ಬಳ ತಂದೆ ಅದನ್ನು ಶಾಲೆಯ ಆಡಳಿತ ಮಂಡಳಿಯ ಮುಂದೆ ಇಟ್ಟನಂತೆ. ಪಿನ್ನು ಕಿತ್ತು ಓದಿದವರು ಯಾರೆಂದು ಯಾರೂ ಪ್ರಶ್ನಿಸಲಿಲ್ಲ. ಇವು ತನ್ನ ಮಾತುಗಳಲ್ಲ ಎಂದು ಉಪಾಧ್ಯಾಯಿನಿ ಹೇಳಿದರು. ಹಾಗಾದರೆ ನಿಮ್ಮ ಕೈಬರಹದ ಪ್ರತಿ ತನ್ನಿ ಎಂದು ಮಂಡಳಿ ಗಡುವು ಕೊಟ್ಟಿತು. ಅವರ ಬಳಿ ಇನ್ನೊಂದು ಪ್ರತಿ ಇರಲಿಲ್ಲ.

ಮರುದಿನ ಮಧ್ಯಾಹ್ನದ ಬಸ್ಸಿಗೆ ಅವರು ಅಚ್ಚುಕೂಟಕ್ಕೆ ಬಂದರು. ಬೈಯುವುದಕ್ಕೆ ಬಂದಿರಲಿಲ್ಲ. ಸೋಮವಾರದೊಳಗೆ ತೋರಿಸಬೇಕು, ಕೆಲಸದ ಪ್ರಶ್ನೆ, ಹಸ್ತಪ್ರತಿ ಕೊಟ್ಟರೆ ಸಾಕು ಎಂದರು. ಮಾಲೀಕರು ತಲೆ ಎತ್ತದೆ ಉತ್ತರಿಸಿದರು. “ರದ್ದಿಗೆ ಓಗಾಯ್ತು ಕಣ್ರಮ್ಮ. ಅಚ್ಚಾದ ಮ್ಯಾಲೆ ಅದ್ನ ಯಾರು ಮಡೀಕತ್ತಾರೆ?”

ಅದು ನನ್ನ ಮೇಜಿನ ಕೆಳಗೆ, ಸೆಣಬಿನ ದಾರ ಸುತ್ತಿದ ಕಟ್ಟಿನಲ್ಲಿ, ನನ್ನ ಕಾಲಿಗೆ ತಗಲುತ್ತಿತ್ತು.

ಅವರು ನನ್ನ ಕಡೆ ತಿರುಗಿದರು. “ಕರಡು ನೋಡೋರು ನೀವೇ ಅಲ್ವೇ? ನನ್ನ ಅಕ್ಷರ ನೀವು ನೋಡಿದೀರಿ. ಈ ಪುಟಗಳು ಅದರಲ್ಲಿ ಇದ್ವಾ?”

“ಜ್ಞಾಪಕ ಇಲ್ಲ, ಮೇಡಂ,” ಎಂದೆ.

ಅವರು ನನ್ನ ಬೆರಳುಗಳನ್ನು ನೋಡಿದರು. ದಿನವೂ ಹಿಡಿಯುವ ಪೆನ್ಸಿಲಿನ ನೇರಳೆ ಬಣ್ಣ ಉಗುರಿನ ಸಂದಿಯಲ್ಲಿತ್ತು. ಹೊಸಿಲಿನ ಬಳಿ ಹೋಗಿ ನಿಂತು ಹೇಳಿದ ಮಾತು ಕೆಲಸದ ಬಗ್ಗೆ ಆಗಿರಲಿಲ್ಲ. “ನನ್ನ ಕಥೆಯ ಹುಡುಗಿ ಹಾಗೆ ಮಾತಾಡೋಳಲ್ಲ.”

ಆಗ ಏಕೆ ಬಾಯಿ ಬಿಡಲಿಲ್ಲ ಎಂದು ಕೇಳುವವರಿಗೆ ಕೆಲಸದ ಭಯ ಎಂದು ಹೇಳಿ ಮುಗಿಸಬಹುದು. ಅದು ಅರ್ಧ ನಿಜ. ಹೆಮ್ಮೆಪಟ್ಟು ಬರೆದದ್ದನ್ನು ಹೊಲಸೆಂದು ನನ್ನ ಬಾಯಿಂದಲೇ ಒಪ್ಪಿಕೊಳ್ಳಬೇಕಾಗಿತ್ತು, ಅದು ಉಳಿದರ್ಧ.

ಅವರ ಕೆಲಸ ಹೋಯಿತು. ತಂದೆಯನ್ನು ಪೂಜೆಗೆ ಕರೆಯುತ್ತಿದ್ದ ಮನೆಗಳು ಒಂದೊಂದಾಗಿ ಬೇರೆಯವರನ್ನು ಕರೆದವು. ಸಂಸಾರ ಬಿಳಿಗೆರೆಯ ಕಡೆ ಹೋಯಿತು. ಅಲ್ಲಿ ಅವರು ಜಗಲಿಯ ಮೇಲೆ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದರೆಂದು ಕೇಳಿದ್ದೇನೆ. ಮತ್ತೆ ಬರೆಯಲಿಲ್ಲ. ಆದ್ದರಿಂದ ‘ದಿಟ್ಟ ಲೇಖಕಿ’ ಎಂದು ಹೊಗಳುವವರಿಗೆ ನಾನು ಹೇಳುವುದು ಇಷ್ಟೆ: ನೀವು ಹೊಗಳುತ್ತಿರುವುದು ಅವರು ಮೊದಲ ಬಾರಿ ಓದಿದಾಗ ಅಸಹ್ಯಪಟ್ಟ ಸಾಲುಗಳನ್ನು. ಅವರದೇ ಆದದ್ದು ಆ ಒದ್ದೆ ತೋಳು; ಅದನ್ನು ಎರಡೂ ಪಂಗಡದವರು ದಾಟಿಕೊಂಡು ಹೋಗುತ್ತಾರೆ.

ಎಂಬತ್ತರ ದಶಕದಲ್ಲಿ ಅಚ್ಚುಕೂಟ ಮುಚ್ಚಿದಾಗ ಕಟ್ಟನ್ನು ಮನೆಗೆ ತಂದೆ. ಆಗ ಅವರು ಬದುಕಿದ್ದರು. ಬಿಳಿಗೆರೆಯ ಬಸ್ಸು ನನ್ನ ಮನೆಯ ಮುಂದೆಯೇ ಹಾದುಹೋಗುತ್ತಿತ್ತು. ಹತ್ತಲಿಲ್ಲ. ಮೂರು ವರ್ಷಗಳ ನಂತರ ಅವರು ತೀರಿಕೊಂಡ ಸುದ್ದಿ ತಿಳಿದು, ಕಟ್ಟನ್ನು ಬನ್ನೂರಿನಲ್ಲಿದ್ದ ಅವರ ತಂಗಿಗೆ ಒಪ್ಪಿಸಿದೆ. ಅವರು ದಾರ ಬಿಚ್ಚಿ, ಅಕ್ಕನ ಅಕ್ಷರ ನೋಡಿ, ನನ್ನ ಹಾಳೆಗಳನ್ನೂ ನೋಡಿದರು. “ಈಗ ತಂದ್ರಾ,” ಎಂದರು. ಕುಳಿತುಕೊಳ್ಳಲು ಹೇಳಲಿಲ್ಲ.

ಆ ತಂಗಿ ಇಂದಿಗೂ ಬನ್ನೂರಿನಲ್ಲಿದ್ದಾರೆ. ಕೇಳಿಕೊಂಡು ಹೋದವರಿಗೆ ಕಟ್ಟು ಬಿಚ್ಚಿ ತೋರಿಸುತ್ತಾರೆ. ಅಕ್ಕನ ಹಾಳೆಗಳಿಗೆ ಮೊದಲಿನಿಂದ ಕೊನೆಯವರೆಗೆ ನೀಲಿ ಶಾಯಿಯಲ್ಲಿ ಸಂಖ್ಯೆ ಇದೆ, ನಡುವೆ ಒಂದೂ ತಪ್ಪಿಲ್ಲ. ಪ್ರಕಾಶಕರ ಚೀಟಿ ಗುಂಡುಸೂಜಿಯ ತುಕ್ಕಿನೊಂದಿಗೆ ಮೇಲೆಯೇ ಇದೆ. ನನ್ನ ಹಾಳೆಗಳಿಗೆ ಸಂಖ್ಯೆ ಇಲ್ಲ. ಅರವತ್ತೆಂಟನೆಯ ಹಾಳೆಯಲ್ಲಿ ಬಾಗಿಲು ಮುಚ್ಚುವ ವಾಕ್ಯ ಇದೆ, ಅದರ ಕೆಳಗೆ ಉಪಾಧ್ಯಾಯಿನಿ ಅಧ್ಯಾಯ ಮುಗಿಯಿತೆಂದು ಗೆರೆ ಎಳೆದಿದ್ದಾರೆ. ಆ ಗೆರೆಯನ್ನು ಹೊಡೆದುಹಾಕಿರುವ ಗುರುತು ನೇರಳೆ ಬಣ್ಣದ್ದು.