ಹಾಕದೆ ಉಳಿದ ವಾಷರುಗಳು

ಅಣ್ಣನ ಬಲಗೈಯ ಮೂರು ಬೆರಳುಗಳನ್ನು ಬೋಟಿನ ವಿಂಚು ತಿಂದಿತ್ತು. ಬಲೆ ಎಳೆಯುವ ಆ ಯಂತ್ರದ ಹಗ್ಗಕ್ಕೆ ಕೈ ಸಿಕ್ಕಿದ್ದು ಹೇಗೆ ಎಂದು ಕೇಳಿದವರಿಗೆಲ್ಲ ಅವನದು ಒಂದೇ ಉತ್ತರ, ಯಾರ ತಪ್ಪೂ ಅಲ್ಲ ಎಂದು. ಹೆಬ್ಬೆರಳು, ತೋರುಬೆರಳು ಉಳಿದವು. ಆಮೇಲೆ ಅವನು ಕಡಲಿಗೆ ಹೋಗಲಿಲ್ಲ. ವರ್ಷಗಟ್ಟಲೆ ಬೋಟಿನ ಎಂಜಿನ್ ನೋಡಿಕೊಂಡವನು ಮೀನು ಇಳಿಸುವ ದಕ್ಕೆಯ ಹತ್ತಿರದ ಒಂದು ಐಸ್ ಪ್ಲಾಂಟಿನಲ್ಲಿ ಗೇಟು ಕಾಯತೊಡಗಿದ.

ಬೋಳಾರದ ಮನೆಯಲ್ಲಿ ನಾವು ಮೂವರೇ: ಅಮ್ಮ, ಅಣ್ಣ, ನಾನು. ನಾನು ಒಂದು ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಮಕ್ಕಳಿಗೆ ಅರ ಹಾಕುವುದು, ತೂತು ಕೊರೆಯುವುದು ಕಲಿಸುತ್ತೇನೆ. ಅಣ್ಣ ನನ್ನನ್ನು ಟೀಚರಮ್ಮ ಎಂದು ತಮಾಷೆ ಮಾಡುತ್ತಿದ್ದ. ಆ ಹೆಸರು ನನಗೆ ಒಳಗೊಳಗೇ ಹಿತವಾಗುತ್ತಿತ್ತು. ಅವನದು ಏಳನೇ ಕ್ಲಾಸು, ನನ್ನದು ಡಿಪ್ಲೊಮಾ. ಇದನ್ನು ನಾನು ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ, ಆದರೆ ಮರೆತದ್ದೂ ಇಲ್ಲ.

ಸೈಕಲ್ಲಿನ ಹುಚ್ಚು ಹಿಡಿದದ್ದು ಅವನಿಗೆ. ಮಣ್ಣಗುಡ್ಡದ ಒಂದು ಮನೆಯಲ್ಲಿ ಧೂಳು ತಿನ್ನುತ್ತಿದ್ದ, ಬಾಗಿದ ಹ್ಯಾಂಡಲಿನ ಸೈಕಲ್ಲನ್ನು ಕಡಿಮೆಗೆ ತಂದ. ಎರಡೂ ಬ್ರೇಕನ್ನು ನಾನು ಎಡಗೈಯ ಒಂದೇ ಹಿಡಿಗೆ ಜೋಡಿಸಿಕೊಟ್ಟೆ. ಭಾನುವಾರ ಬೆಳಿಗ್ಗೆ ಹೆದ್ದಾರಿಯಲ್ಲಿ ಸುರತ್ಕಲ್ ಕಡೆಗೆ ಹೋಗಿಬರುವುದು, ಅವನು ಮುಂದೆ, ಲಾರಿಗಳು ಅವನಿಗೆ ತಾಗಿಯಾವೆಂದು ಹೆದರಿ ಸ್ಕೂಟರಿನಲ್ಲಿ ನಾನು ಹಿಂದೆ. ಆದರೆ ಏಳೆಂಟು ಕಿಲೋಮೀಟರ್ ಆಗುವಷ್ಟರಲ್ಲಿ ಅರ್ಧ ಉಳಿದ ಆ ಅಂಗೈ ಊದಿಕೊಳ್ಳುತ್ತಿತ್ತು. ಮೈಭಾರವೆಲ್ಲ ಅದರ ಮೇಲೆಯೇ.

ಏರೋಬಾರ್ ಎಂಬುದನ್ನು ನಾನು ಮೊಬೈಲಿನಲ್ಲಿ ನೋಡಿದೆ. ಹ್ಯಾಂಡಲಿನಿಂದ ಮುಂದಕ್ಕೆ ಚಾಚಿದ ಎರಡು ಕೊಳವೆ, ಮೊಣಕೈ ಇಡಲು ಎರಡು ಮೆತ್ತೆ. ರೇಸಿನವರು ಗಾಳಿ ತಪ್ಪಿಸಲು ಹಾಕುತ್ತಾರಂತೆ. ನನಗೆ ಬೇಕಾದದ್ದು ಬೇರೆ: ಭಾರ ಅಂಗೈ ಬಿಟ್ಟು ಮುಂಗೈಗೆ ಹೋಗಬೇಕು. ತರಿಸಿ ಹಾಕಿದೆ. ಮೆತ್ತೆಗಳು ಹ್ಯಾಂಡಲಿಗಿಂತ ನಾಲ್ಕು ಬೆರಳು ಎತ್ತರದಲ್ಲಿ ಕುಳಿತವು. ಉದ್ದ ಮೈಯ ಅಣ್ಣನ ಭುಜ ಕಿವಿಗೆ ಹತ್ತಿತು, ಸೊಂಟ ಹಿಡಿದುಕೊಂಡಿತು. ಬಸ್ಸಿನಲ್ಲಿ ನೇತಾಡಿಕೊಂಡು ಹೋದ ಹಾಗಾಗುತ್ತದೆ ಎಂದ. ಅಡಿಯಲ್ಲಿ ಎತ್ತರಕ್ಕೆಂದು ಇದ್ದ ಬಿಲ್ಲೆಗಳನ್ನು ತೆಗೆದೆ, ಸಾಲಲಿಲ್ಲ. ಅವನಿಗೆ ಇನ್ನೂ ಕೆಳಗೆ ಬೇಕಿತ್ತು.

"ಬೋಟಿನ ಮುಂದೆ ಕವುಚಿ ಮಲಗಿ ನೀರು ನೋಡ್ತೇವಲ್ಲ, ಹಾಗೆ ಆಗ್ಬೇಕು ಮಾರಾಯ್ತಿ" ಎಂದ.

ಹಾಗಾದರೆ ಮೆತ್ತೆಗಳು ಹ್ಯಾಂಡಲಿನ ಮೇಲೆ ಕೂರುವುದಲ್ಲ, ಅದರಿಂದ ಕೆಳಕ್ಕೆ ತೂಗಬೇಕು. ಅಂಥ ಸಾಮಾನು ಅಂಗಡಿಯಲ್ಲಿ ಸಿಗಲಿಲ್ಲ. ಅಣ್ಣನನ್ನು ಗೋಡೆಗೊರಗಿಸಿದ ಸೈಕಲ್ಲಿನ ಮೇಲೆ ಕೂರಿಸಿ, ರಟ್ಟು ಕತ್ತರಿಸಿ ಹಿಡಿದು ನೋಡಿ ಅಳತೆ ತೆಗೆದೆ. ಬೋಟು ಕಟ್ಟುವಲ್ಲಿಂದ ಅವನೇ ಒಂದು ತುಂಡು ಅಲ್ಯುಮಿನಿಯಂ ತಗಡು ತಂದ, ದಪ್ಪದ್ದು. ಅದನ್ನು ಕೊಯ್ದು, ಅಂಚು ಅರ ಹಾಕಿ, ಮೆತ್ತೆಗಳನ್ನು ಹ್ಯಾಂಡಲಿನಿಂದ ತೂಗಿಸಲು ಎರಡು ಪಟ್ಟಿ ಮಾಡಿದೆ. ಬೋಲ್ಟು ಸ್ಟೀಲಿನದ್ದು, ತುಕ್ಕು ಹಿಡಿಯದ ಜಾತಿ. ಕೆಲಸ ಚೆನ್ನಾಗಿ ಬಂದಿತ್ತು. ಅಷ್ಟು ಚೆನ್ನಾಗಿ ಬಂದದ್ದೇ ಕೇಡಾಯಿತು ಎಂದು ಈಗ ಅನ್ನಿಸುತ್ತದೆ.

ಜೋಡಿಸುವ ದಿನ ಅಣ್ಣ ಕಾಗದದ ಪೊಟ್ಟಣವೊಂದನ್ನು ತಂದು ಮೇಜಿನ ಮೇಲಿಟ್ಟ. ಒಳಗೆ ನೈಲಾನ್ ವಾಷರುಗಳು, ಬೋಲ್ಟಿಗೆ ತೊಡಿಸುವ ಬೆರಳಷ್ಟು ಉದ್ದದ ಪ್ಲಾಸ್ಟಿಕ್ ನಳಿಗೆ, ಒಂದು ಡಬ್ಬಿಯಲ್ಲಿ ಗ್ರೀಸು. ಅಲ್ಯುಮಿನಿಯಂಗೆ ಸ್ಟೀಲು ತಾಗಬಾರದು, ನಡುವೆ ಇದನ್ನು ಹಾಕು ಎಂದ. ಬೋಟಿನಲ್ಲಿ ಅವರು ಹಾಗೆಯೇ ಮಾಡುವುದು. ಎರಡು ಜಾತಿಯ ಲೋಹ ಉಪ್ಪುನೀರಿನಲ್ಲಿ ಒಟ್ಟಿಗಿದ್ದರೆ ಒಂದು ಇನ್ನೊಂದನ್ನು ತಿಂದು ಹಾಕುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ, ಪ್ರತಿವರ್ಷ ಮಕ್ಕಳಿಂದ ನೋಟ್ಸ್ ಬರೆಸುವ ಪಾಠ. ಆದರೆ ವಾಷರು, ನಳಿಗೆ ಹಾಕಬೇಕಾದರೆ ತೂತುಗಳನ್ನು ದೊಡ್ಡದು ಮಾಡಬೇಕು, ಮತ್ತೆ ಎಲ್ಲ ಬಿಚ್ಚಬೇಕು. ಅದಕ್ಕಿಂತ ಹೆಚ್ಚಾಗಿ, ನನ್ನ ಕೆಲಸಕ್ಕೆ ಏಳನೇ ಕ್ಲಾಸಿನವನು ತಪ್ಪು ತೆಗೆದನಲ್ಲ ಎಂದು ಸಿಟ್ಟು ಬಂತು.

"ಇದು ಸೈಕಲ್, ನಿನ್ನ ಬೋಟಲ್ಲ. ಉಪ್ಪುನೀರು ಎಲ್ಲಿ ಉಂಟು?" ಎಂದೆ.

ಅವನು ನಕ್ಕ. ಪೊಟ್ಟಣ ನನ್ನ ಮೇಜಿನ ಡ್ರಾಯರಿಗೆ ಹೋಯಿತು. ಮುಂದಿನ ಸಲ ಬಿಚ್ಚಿದಾಗ ಹಾಕುತ್ತೇನೆ ಎಂದಿದ್ದೆ. ಚಂದ ಕಾಣಲಿ ಎಂದು ಪಟ್ಟಿ, ಬೋಲ್ಟು ಎಲ್ಲ ಮುಚ್ಚುವ ಹಾಗೆ ಕಪ್ಪು ಬಟ್ಟೆಯ ಟೇಪು ಸುತ್ತಿದೆ.

ಆಮೇಲೆ ಸುಮಾರು ಒಂದೂವರೆ ವರ್ಷ ಅವನು ಸುಖವಾಗಿದ್ದ. ಇದನ್ನು ನಾನು ಬರೆಯಲೇಬೇಕು. ಭುಜ ಇಳಿದು, ಬೆನ್ನು ನೇರವಾಗಿ, ಗದ್ದ ಮುಂಗೈಗಳ ಮೇಲೆ ಬಂದು ಅವನು ಹೋಗುತ್ತಿದ್ದರೆ ಹಿಂದಿನಿಂದ ನೋಡುವವರಿಗೆ ಕೈ ಹಾಳಾದವನೆಂದು ತಿಳಿಯುತ್ತಿರಲಿಲ್ಲ. ಮನೆಗೆ ಬಂದಾಗ ಮೈಯಿಂದ ಬೆವರು ಧಾರೆಯಾಗಿ ಇಳಿದು ಟೇಪೆಲ್ಲ ಒದ್ದೆ. ಸೈಕಲ್ಲನ್ನು ಕಡಲು ಸೇರುವ ನದಿಯ ಕಡೆಯ ಚಾವಡಿಯಲ್ಲಿ ನಿಲ್ಲಿಸುತ್ತಿದ್ದ, ಅಲ್ಲಿ ವರ್ಷವಿಡೀ ಉಪ್ಪುಗಾಳಿ. ಉಪ್ಪುನೀರು ಎಲ್ಲಿ ಉಂಟು ಎಂದು ಕೇಳಿದವಳು ನಾನು.

ಅವತ್ತು ಹೆದ್ದಾರಿ ಖಾಲಿಯಿತ್ತು. ದೂರದಲ್ಲಿ ರಸ್ತೆಯ ಬದಿಗೆ ಒಂದು ನಾಯಿ ನಿಂತಿತ್ತು, ನಿಂತಲ್ಲಿಂದ ಕದಲಲಿಲ್ಲ. ನಾನು ನೋಡುತ್ತಿದ್ದಂತೆ ಅಣ್ಣನ ಎಡ ಮೊಣಕೈ ಕೆಳಗೆ ಕುಸಿಯಿತು, ಹ್ಯಾಂಡಲು ಹೊರಳಿತು, ಅವನು ಎಡಕ್ಕೆ ಬಿದ್ದ. ಬೀಳುವಾಗ ಚಾಚಿದ್ದು ಎಡಗೈ, ಸರಿಯಿದ್ದ ಕೈ. ರಸ್ತೆ ಬದಿಯ ಕಲ್ಲಿಗೂ ಅವನ ಮೈಗೂ ನಡುವೆ ಮಣಿಕಟ್ಟು ಸಿಕ್ಕಿ ಪುಡಿಯಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿದ, ನಾಯಿ ಅಡ್ಡ ಬಂತು ಎಂದು. ನಾನು ಹೌದೆಂದು ತಲೆಯಾಡಿಸಿದೆ.

ಎಲುಬು ಕೂಡಿತು, ನರ ಕೂಡಲಿಲ್ಲ. ಎಡಗೈಯ ಬೆರಳು ಮಡಚುವುದಿಲ್ಲ. ಬಲಗೈಯ ಎರಡು ಬೆರಳಿನಿಂದ ಅವನು ಮೊಬೈಲು ಒತ್ತಬಲ್ಲ, ಬಾಗಿಲ ಚಿಲಕ ತೆಗೆಯಬಲ್ಲ. ಅನ್ನ ಕಲಸಲು ಆಗುವುದಿಲ್ಲ, ಮೀನಿನ ಮುಳ್ಳು ಬಿಡಿಸಲು ಆಗುವುದಿಲ್ಲ, ಚಮಚವೂ ಬಾಯಿಗೆ ಬರುವಷ್ಟರಲ್ಲಿ ಜಾರುತ್ತದೆ. ಗೇಟಿನ ಕೆಲಸವೂ ಹೋಯಿತು. ಮೂರು ಹೊತ್ತೂ ನಾನು ಅಥವಾ ಅಮ್ಮ ತಿನ್ನಿಸುತ್ತೇವೆ. ನಲವತ್ತೈದು ದಾಟಿದ ಗಂಡಸು ತಂಗಿಯ ಕೈಯಿಂದ ತುತ್ತು ತಿನ್ನುವಾಗ ಎಲ್ಲಿ ನೋಡಬೇಕೆಂದು ತಿಳಿಯದೆ ಗೋಡೆಯ ಕ್ಯಾಲೆಂಡರ್ ನೋಡುತ್ತಾನೆ.

ಸೈಕಲ್ಲು ಮನೆಗೆ ಬಂದ ದಿನ ಟೇಪು ಬಿಚ್ಚಿ ನೋಡಿದೆ. ಮುರಿದ ಪಟ್ಟಿಯ ಬೋಲ್ಟಿನ ತೂತಿನ ಸುತ್ತ ಬಿಳಿ ಹುಡಿ. ಲೋಹ ಗೆದ್ದಲು ತಿಂದ ಮರದ ಹಾಗೆ ಒಳಗಿಂದ ಟೊಳ್ಳಾಗಿತ್ತು. ಬೋಲ್ಟು ಮಾತ್ರ ಹೊಸತರಂತೆ ಹೊಳೆಯುತ್ತಿತ್ತು. ಊಟಕ್ಕಿಲ್ಲದ ಉಪ್ಪಿನಕಾಯಿಯಂತೆ ವಾಷರಿನ ಪೊಟ್ಟಣ ಡ್ರಾಯರಿನಲ್ಲೇ ಇತ್ತು. ಮುರಿದ ಪಟ್ಟಿಯನ್ನೂ ಅದರ ಜೊತೆಗೆ ತಳ್ಳಿ ಡ್ರಾಯರ್ ಮುಚ್ಚಿದೆ. ಅಣ್ಣ ಕೇಳಲಿಲ್ಲ, ನಾನು ಹೇಳಲಿಲ್ಲ.

ಇದರ ಏಟು ಬಿದ್ದದ್ದು ನಮ್ಮ ಓಣಿಯ ನಾಯಿಗೆ. ಮೊದಲು ಅಮ್ಮ ದಿನಾ ಮೀನಿನ ತಲೆಗಳನ್ನು ಅದಕ್ಕೇ ಎಂದು ತೆಗೆದಿಡುತ್ತಿದ್ದಳು. ಈಗ ಅಂಗಳಕ್ಕೆ ಕಾಲಿಟ್ಟರೆ ಸೌದೆ ಎಸೆಯುವಳು. ಹೆದ್ದಾರಿಯ ನಾಯಿಗೂ ಇದಕ್ಕೂ ಏನು ಸಂಬಂಧ? ಆದರೂ ನಾನು ತಡೆಯಲಿಲ್ಲ, ತಡೆದರೆ ಕಾರಣ ಹೇಳಬೇಕಲ್ಲ. ಒಂದು ಮಧ್ಯಾಹ್ನ ಎಸೆದ ಸೌದೆ ತುಂಡು ಅದರ ಹಿಂಗಾಲಿಗೆ ಬಿತ್ತು. ಅದು ಕಾಲೆತ್ತಿಕೊಂಡು ಕೂಗುತ್ತ ಓಡಿದ್ದನ್ನು ನೋಡಿ ನನ್ನಿಂದ ತಾಳಲಾಗಲಿಲ್ಲ. ಬಂಗುಡೆ ಮೀನು ಕೊಯ್ಯುತ್ತ ಕೂತಿದ್ದ ಅಮ್ಮನ ಎದುರು ಕುಕ್ಕುರು ಕೂತು, ನಾಯಿ ಅಡ್ಡ ಬಂದದ್ದು ಸುಳ್ಳು, ತಪ್ಪು ನನ್ನದು ಎಂದು ಎಲ್ಲ ಹೇಳಿದೆ.

ಅಮ್ಮನ ಕತ್ತಿ ನಿಲ್ಲಲಿಲ್ಲ. "ಡ್ರಾಯರ್ ಗುಡಿಸುವಾಗ ನೋಡಿದ್ದೇನೆ. ಆ ಬಿಳಿ ಹುಡಿ ಎಂತದ್ದು ಅಂತ ಬೋಟಿನವರ ಮನೆಯ ನನಗೆ ಗೊತ್ತಿಲ್ಲವಾ? ನಿನಗೆ ಹೊಡೆಯುವ ಪ್ರಾಯ ಹೋಯ್ತು. ನಾಯಿಗೆ ಹೊಡೆದೆ."

ಕೊಯ್ದ ಮೀನನ್ನು ಪಾತ್ರೆಗೆ ಹಾಕುತ್ತ, ನನ್ನ ಹತ್ತಿರ ಹೇಳಿ ಏನು ಬಂತು, ಅವನ ಹತ್ತಿರ ಹೇಳು ಎಂದಳು.

ಅವತ್ತು ಊಟಕ್ಕೆ ಅದೇ ಬಂಗುಡೆ. ಮುಳ್ಳು ಬಿಡಿಸಿ, ಅನ್ನ ಕಲಸಿ ಅಣ್ಣನ ಎದುರು ಕೂತೆ. ಎರಡು ತುತ್ತು ಕೊಟ್ಟ ಮೇಲೆ, ತಟ್ಟೆಯನ್ನೇ ನೋಡುತ್ತ, ವಾಷರು ನಾನು ಹಾಕಿಯೇ ಇರಲಿಲ್ಲ ಎಂದೆ. ಅವನು ಬೈಯಲಿ ಎಂದು ಕಾದೆ. ಅಥವಾ ಹೋಗಲಿ ಬಿಡು ಎನ್ನಲಿ ಎಂದು, ನಾಚಿಕೆಯಿಲ್ಲದೆ, ಅದನ್ನೇ ಹೆಚ್ಚು ಕಾದೆ.

ಅವನು ನಿಧಾನವಾಗಿ ಜಗಿದು ನುಂಗಿದ. ಮೊದಲ ಸಲ ಕ್ಯಾಲೆಂಡರ್ ಬಿಟ್ಟು ನನ್ನ ಮುಖ ನೋಡಿದ.

"ಬಲಗೈ ಹೋದಾಗ ಯಾರಿಗೆ ಬೈಯುವುದು ಅಂತ ಗೊತ್ತಿರಲಿಲ್ಲ" ಎಂದ. "ಈ ಸಲ ಗೊತ್ತುಂಟು."

ಹೇಳಿ, ಮುಂದಿನ ತುತ್ತಿಗೆ ಬಾಯಿ ತೆರೆದ.