ಅವ್ವ ಆರಿಸಿದ ರೈಫಲ್ ಹಿಡಿ

ಗೆಳೆಯರೇ, ಇವತ್ತು ವಿದೇಶದಲ್ಲಿ ನಾನಿರುವ ಕ್ರೋಯ್ಡನ್‌ನ ಬಂದೂಕಿನ ಅಂಗಡಿಯಲ್ಲಿ ನನ್ನ ಮರ್ಯಾದೆ ಹೋಯಿತು. ಕಳೆದವಳು ನನ್ನ ಅವ್ವ.

ನನ್ನ ಜಿಂಕೆ ಬೇಟೆಯ ಬೋಲ್ಟ್ ಆ್ಯಕ್ಷನ್ ರೈಫಲ್ ಪ್ರತಿ ಗುಂಡಿಗೂ ಭುಜಕ್ಕೆ ಒದೆಯುತ್ತಿತ್ತು. ಭುಜಕ್ಕೆ ಆನಿಸುವ ಅದರ ಹಿಂಬದಿಯ ಹಿಡಿ ಬದಲಿಸೋಣವೆಂದು ಹೋಗಿದ್ದೆ. ಧಾರವಾಡದಿಂದ ಬಂದಿರುವ ಅವ್ವ ಮನೆಯಲ್ಲಿ ಬೇಸರವೆಂದು ಜೊತೆಗಿದ್ದಳು. ಅಂಗಡಿಯಾತ ಕಪ್ಪು ಪ್ಲಾಸ್ಟಿಕ್ ಹಿಡಿಯೊಂದನ್ನು ಕೈಗಿಟ್ಟು, "ಹಗುರ, ಮಳೆಗೆ ಉಬ್ಬುವುದಿಲ್ಲ" ಎಂದ. ನಾನು ಭುಜಕ್ಕೆ ಆನಿಸಿ ನೋಡಿ ಆಗಬಹುದೆಂದು ತಲೆಯಾಡಿಸಿದೆ.

"ಬ್ಯಾಡ ಅನ್ನು. ನಿನ್ನ ಕೆನ್ನಿ ಅದಕ್ಕ ಕೂಡೂದಿಲ್ಲ. ಕುತಿಗಿ ಹ್ಯಾಂಗ ಚಾಚಾಕತ್ತೀ ನೋಡು," ಎಂದಳು ಅವ್ವ.

ಮೇಜಿನ ಮೇಲಿದ್ದ ವಾಲ್‌ನಟ್ ಮರದ ಹಿಡಿಯನ್ನು ಎತ್ತಿ, ಸೆರಗು ಸರಿಸಿ ಭುಜಕ್ಕೆ ಆನಿಸಿ, ಕೆನ್ನೆ ಒತ್ತಿ ಒಂದು ಕಣ್ಣು ಮುಚ್ಚಿದಳು. ಅಂಗಡಿಯಾತ ಬಾಯಿ ತೆರೆದು ನಿಂತ.

"ಅಗಸಿ ಎಣ್ಣಿ ವಾಸನಿ! ನಮ್ಮಪ್ಪ ದಾಂಡೇಲ್ಯಾಗ ಫಾರೆಸ್ಟ್ ಗಾರ್ಡ್ ಇದ್ದಾಗ ಅವನ ಬಂದೂಕಿಗೆ ಪ್ರತಿ ಐತಾರ ನಾನೇ ಎಣ್ಣಿ ತಿಕ್ಕತಿದ್ದೆ. ಗುರಿ ಹಿಡಿಯೂದೂ ಅವನೇ ಕಲಿಸಿದ್ದ."

ಆಮೇಲೆ ಎಷ್ಟೋ ಹೊತ್ತು ಆ ಮರವನ್ನು ಅಂಗೈಯಿಂದ ಸವರುತ್ತಲೇ ಇದ್ದಳು. ಅದನ್ನೇ ಕೊಂಡೆ.

ವಾಪಸು ಬರುವಾಗ ಟ್ರಾಮ್ ಹೋಗಲೆಂದು ಕಾರು ನಿಲ್ಲಿಸಿದೆ. "ನಿನಗ ಗುರಿ ಹಿಡಿಯಾಕ ಬರತದಂತ ಇಷ್ಟು ವರ್ಷ ಯಾಕ ಹೇಳಲಿಲ್ಲ?" ಎಂದು ಕೇಳಿದೆ.

"ಲಗ್ನಾದ ವರ್ಷ ನಿಮ್ಮಪ್ಪ ಎಕ್ಸಿಬಿಷನ್‌ದಾಗ ಬಲೂನಿಗೆ ಹೊಡಿಯಾಕ ಹೋಗಿ ಒಂದೂ ಒಡಿಲಿಲ್ಲ. ಆಮ್ಯಾಲೆ ಹ್ಯಾಂಗ ಹೇಳ್ಲಿ?"

ಅಪ್ಪ ತೀರಿಕೊಂಡು ಆರು ವರ್ಷವಾಯಿತು. ಆದರೂ ಅವ್ವ ಅದನ್ನು ಪಿಸುದನಿಯಲ್ಲೇ ಹೇಳಿದಳು.